ಬಾಗಿಲು ಹೇಳುವ ಗಾಳಿ

ಅಪ್ಪನ ಬೆಂಚಿನ ಮೇಲೆ ಹಲಗೆಯೊಂದು
ಬೋರಲು ಮಲಗಿದೆ, ಮೂಗು ಜಜ್ಜಿ, ಬೆನ್ನು ಸೀಳಿ.
ಬರಬಾರದ ತಿಂಗಳಲ್ಲಿ ಬಂದ
ಯಾರೋ ಸ್ಪೇನಿನ ಹುಡುಗನದು.

ಆಗಸ್ಟಿನಲ್ಲಿ ನಮ್ಮಲ್ಲಿ ಬಡಗಣ ಗಾಳಿ.
ಹತ್ತು ಗಂಟೆಗೆ ಏಳುತ್ತದೆ, ಸೋಮಾರಿ ಅಳಿಯನ ಹಾಗೆ;
ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.
ಬಲೆಗಳನ್ನೆಳೆದು ಮಸೀದಿಯ ಗೋಡೆಗೆ ಹೊದಿಸುತ್ತದೆ,
ಅಲೆಯ ಅಂಚನ್ನೆಲ್ಲ
ಇಲಿ ಕಡಿದ ಬಟ್ಟೆ ಮಾಡುತ್ತದೆ.
ಮಂಜಿಗೆ ರಾಳ ಒಣಗದು, ಎರಡು ದಿನ ಅಂಟಂಟು.
ನಾನು ಬೆರಳಿಟ್ಟು ನೋಡುತ್ತೇನೆ.
ಗುರುತು ಉಳಿಯುತ್ತದೆ. ಬೈಗುಳವೂ.

ಆಮೇಲೆ, ಅಕ್ಟೋಬರಿನ ಯಾವುದೋ ರಾತ್ರಿ,
ಬೇಸಗೆಯಿಡೀ ಉಬ್ಬಿ ಕಚ್ಚಿಕೊಂಡಿದ್ದ ನಮ್ಮ ಬಾಗಿಲು
ಯಾರೂ ಮುಟ್ಟದೆ ತೆರೆದುಕೊಳ್ಳುತ್ತದೆ.
ಶರ್ಗಿ.
ಬೆಟ್ಟದಾಚೆಯ ಮರಳಿನಿಂದ ಇಳಿದ ಮೂಡಗಾಳಿ.
ಇಝ್ಝಾ ಅಜ್ಜಿಗೆ ಕೆಮ್ಮು, ಎಣ್ಣೆಯ ಬಟ್ಟಲಲ್ಲಿ
ಕೆಂಧೂಳಿನ ಕೆನೆ,
ಅಮ್ಮ ಶಪಿಸುತ್ತ ಕಿಟಕಿಗೆ ಒದ್ದೆ ಬಟ್ಟೆ ತುರುಕುತ್ತಾಳೆ.

ಕಡಲಿಗೆ ಮಾತ್ರ ಅದು ಬಾಚಣಿಗೆ.
ಎಲ್ಲೋ ಬಡಗಣ ಚಳಿಯಲ್ಲಿ ಹುಟ್ಟಿ
ವಾರಗಟ್ಟಲೆ ನಡೆದು ಬಂದ ಅಲೆ
ಮೂಲೆಯ ಬಂಡೆ ದಾಟಿದ್ದೇ
ಎದುರು ಗಾಳಿಗೆ ತಡೆದು, ಬೆನ್ನು ನೆಟ್ಟಗೆ ಮಾಡಿ,
ಒಂದು ಗಳಿಗೆ ಏನನ್ನೋ ನೆನಪಿಸಿಕೊಂಡು
ಆಮೇಲೆ ಮಗುಚುತ್ತದೆ.
ಆ ಒಂದು ಗಳಿಗೆಯೊಳಗೆ ನಾವು ಎದ್ದು ನಿಲ್ಲುತ್ತೇವೆ.

ಗಾಳಿ ಬಂದಾಗ ತೂರಿಕೊಳ್ಳುವ ಊರಲ್ಲ ಇದು,
ತಿರುಗಿದಾಗ ಇಳಿಯುವ ಊರು.

ಅಂಥ ದಿನ ರಾಳ ಅರ್ಧ ಗಂಟೆಗೇ ಕಲ್ಲು.
ಆದರೆ ನವಿರು ಮರಳು ಒಳಗೇ ಕೂತುಬಿಡುತ್ತದೆ,
ಉಜ್ಜಿದರೆ ಹೋಗದು.
"ಇದ್ದಿರ್, ಇದೇನಿದು, ಚುಕ್ಕೆ ಚುಕ್ಕೆ?"
ಎಂದು ಹೋದ ವರ್ಷ ಒಬ್ಬ ತಗಾದೆ ತೆಗೆದ.
ಅಪ್ಪ ಮಾತಾಡದೆ ನನ್ನ ಹಲಗೆ ತಂದ,
ಮೊದಲು ತನ್ನದಾಗಿದ್ದದ್ದು, ಹನ್ನೊಂದು ತೇಪೆ,
ಬಿಸಿಲಿಗೆ ಹಿಡಿದು ಬೆರಳಿಟ್ಟ:
ಇದು ಮಿಡತೆ ಬಂದ ವರ್ಷದ ಗಾಳಿ.
ಇದು ದಕ್ಕೆ ಕಟ್ಟಿದಾಗಿನದು.
ಇದು, ಈ ಕೆಂಪು, ತಿಲೀಲಾ ಹುಟ್ಟಿದ ವಾರದ್ದು.
"ಮರಳಿಗೆ ನಾನು ದುಡ್ಡು ಹಿಡಿದಿಲ್ಲ."

ಈ ಸಲ ನವೆಂಬರ್ ಹತ್ತು ದಾಟಿತು.
ಬೆಂಚಿನ ಹಲಗೆ ಇನ್ನೂ ಅಂಟಂಟು,
ಆ ಹುಡುಗ ಊರಿಗೆ ಹೋಗಿ ಎರಡು ಸಲ ಫೋನು ಮಾಡಿದ.
ನಸುಕಿನಲ್ಲಿ ನನ್ನದನ್ನು ತಲೆಯ ಮೇಲೆ ಹೊತ್ತು
ಅಪ್ಪನ ಹಿಂದೆ ನಿಲ್ಲುತ್ತೇನೆ.
ಅವನು ಬಾಗಿಲಿಗೆ ಭುಜ ಕೊಡುತ್ತಾನೆ.

ಕಿರ್ರೆನ್ನುವ ಸದ್ದಿಗೇ ಗೊತ್ತು,
ಇವತ್ತೂ ಇಲ್ಲ.
ಆದರೂ ಅಪ್ಪ ಹೊರಗೆ ಹೋಗಿ
ಬೆರಳು ಎಂಜಲು ಮಾಡಿ
ಮೂಡಲ ಕಡೆ ಎತ್ತಿ ಹಿಡಿಯುತ್ತಾನೆ.