ಬಿಸ್ಕತ್ತಿನ ಡಬ್ಬಿಯ ತಗಡು

ಮಾರ್ಚ್ ತಿಂಗಳ ಗಾಳಿ, ಕ್ಯಾಂಬೋರ್ನಿನ ಹಿಂದಿನ ಓಣಿ.
ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದೇನೆ
ಬೆಡ್‌ಫರ್ಡ್ ವ್ಯಾನಿನ ಹೊಟ್ಟೆಯಡಿ.
ನನ್ನ ಮೂಗಿಗೂ ಸೈಲೆನ್ಸರಿಗೂ ನಡುವೆ ಒಂದು ಗೇಣಿಲ್ಲ.
ಅರವತ್ತನಾಲ್ಕರ ಗಾಡಿ. ನಾನು ಅದಕ್ಕಿಂತ ಎರಡು ವರ್ಷ ದೊಡ್ಡವಳು;
ಕೀಲುಗಳ ವಿಷಯದಲ್ಲಿ ಮಾತ್ರ ಸಮವಯಸ್ಕರು.

ಮೊದಲ ಇಪ್ಪತ್ತು ವರ್ಷ ಇದು ಹೊತ್ತದ್ದು ಮೀನು.
ನ್ಯೂಲಿನ್ ಬಂದರಿನಿಂದ ಬೆಳಗಿನ ಜಾವ ಬಂಗುಡೆ, ಮಂಜುಗಡ್ಡೆ;
ಕರಗಿದ ಉಪ್ಪುನೀರು ತೊಟ್ಟು ತೊಟ್ಟಾಗಿ ಇಳಿದು
ತಗಡನ್ನು ಒಳಗಿಂದಲೇ ತಿಂದಿದೆ.
ಈಗಲೂ ಬಿಸಿಲೇರಿದ ದಿನ ಬಾಗಿಲು ಸರಿಸಿದರೆ
ಓಣಿಯ ಬೆಕ್ಕುಗಳೆಲ್ಲ ತಲೆಯೆತ್ತುತ್ತವೆ.

ತುಕ್ಕಿಗೆ ಭಾನುವಾರವಿಲ್ಲ.
ಬಣ್ಣದ ಗುಳ್ಳೆಯನ್ನು ಉಗುರಿನಿಂದ ಕೆರೆದೆನೋ, ಕೆಟ್ಟೆ:
ಹಪ್ಪಳದ ಹಾಗೆ ಪುಡಿಪುಡಿ.
ಮೊದಲು ಒಂದು ಬೆರಳು ಹೋಗುವ ತೂತು, ಆಮೇಲೆ ಮುಷ್ಟಿ,
ಆಮೇಲೆ ತೂತಿನಾಚೆ, ಚಹಾದ ಲೋಟ ಹಿಡಿದು ಬಗ್ಗಿ ನೋಡುತ್ತಿದ್ದ
ಪಕ್ಕದ ಮನೆಯ ಟ್ರೆವಾಸ್ಕಿಸನ ಮೋರೆ.
"ಗುಜರಿಗೆ ಹಾಕು, ಮೊರ್ವೆನ್ನಾ," ಅಂದ.
ಪ್ರತಿ ವಸಂತದಲ್ಲೂ ಅನ್ನುತ್ತಾನೆ.
ಪ್ರತಿ ವಸಂತದಲ್ಲೂ ಅವನದೇ ಜ್ಯಾಕು ಎರವಲು ತರುತ್ತೇನೆ.

ಗಾಡಿ ಕೈಕೊಟ್ಟಿತು ಅನ್ನುತ್ತಾರೆ ಜನ.
ರೆಡ್ರೂತಿನ ಏರಿನಲ್ಲಿ, ಮಳೆಯಲ್ಲಿ,
ಹಿಂದೆ ಅರ್ಧ ಮೈಲಿ ಕಾರುಗಳು ಹಾರ್ನು ಒತ್ತುವಾಗ,
ಹೌದು, ಕೊಟ್ಟಿದೆ.
ಕೊಟ್ಟ ಕೈ ಹಿಡಿಯದೆ ಬಿಡಲಾದೀತೆ?
ಪ್ಲಗ್ಗು ಬಿಚ್ಚಿ ಒರೆಸಿದೆ. ಪಾಯಿಂಟುಗಳ ನಡುವೆ
ಬಸ್ ಟಿಕೆಟ್ಟಿನ ಮೂಲೆ ತೂರಿಸಿ ಸಂದು ಹಿಡಿದೆ;
ಹದ ಅಂದರೆ ಅಷ್ಟೇ, ಒಂದು ಟಿಕೆಟ್ಟಿನ ದಪ್ಪ.
ಚೋಕ್ ಎಳೆದೆ. ಕೆಮ್ಮಿತು. ಬೈದೆ. ಹತ್ತಿಕೊಂಡಿತು.

ಮೊಮ್ಮಗಳು ಲೊವೆನಾಗೆ ಇಷ್ಟೆಲ್ಲ ಸಾಲದು.
ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಸೀಟಿಗೆ ಸರಿಯಾದ ಬೆಲ್ಟು,
ಪಾಯಿಂಟು ಕಿತ್ತೆಸೆದು ಎಲೆಕ್ಟ್ರಾನಿಕ್ ಪೆಟ್ಟಿಗೆ.
ಬ್ರೇಕಿಗೆ ಒಪ್ಪಿದೆ. ಬೆಲ್ಟಿಗೂ.
ಪಾಯಿಂಟಿನ ಮಾತು ಬಂದಾಗ
ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ನಿನ್ನೆ ಚಾಲಕನ ಕಾಲಡಿಯ ಡಾಂಬರು ಕೆರೆಯುತ್ತಿದ್ದೆವು.
ಒಂದು ತೇಪೆ ಸಿಕ್ಕಿತು. ಹನ್ನೊಂದು ರಿವೆಟ್ಟು, ಎರಡು ಸೊಟ್ಟ.
ಕೆಳಗಿನಿಂದ ಸೀಮೆಎಣ್ಣೆಯ ಚಿಂದಿಯಲ್ಲಿ ಉಜ್ಜಿದರೆ
ಮೂಡಿತು ಒಂದು ಕೆಂಪು ಕೊಡೆ, ಆಮೇಲೆ ಟೋಪಿ,
ಆಮೇಲೆ ನಗುವ ಹೆಂಗಸೊಬ್ಬಳ ಅರ್ಧ ಮುಖ.
ಬಿಸ್ಕತ್ತಿನ ಡಬ್ಬಿಯ ಮುಚ್ಚಳ!
ಯಾವನೋ ಮೀನಿನವನು, ಯಾವುದೋ ಕ್ರಿಸ್‌ಮಸ್ ಮುಗಿದ ಮೇಲೆ
ಖಾಲಿ ಡಬ್ಬಿ ಕತ್ತರಿಸಿ, ಚಿತ್ರ ಕೆಳಗಾಗಿ ಬಡಿದಿದ್ದಾನೆ.
ಅಂದಿನಿಂದ ಬೋರಲು ಮಲಗಿ
ಕಾರ್ನ್‌ವಾಲಿನ ರಸ್ತೆಗಳೆಲ್ಲ ಓಡುವುದನ್ನು ನೋಡಿದ್ದಾಳೆ ಅವಳು,
ಕೆಳಗಿನಿಂದ ಬರುವ ಮಳೆಗೆ
ಕೊಡೆ ಬಿಚ್ಚಿಕೊಂಡೇ.

"ಥೂ, ಎಂಥ ಕಚಡಾ ಕೆಲಸ," ಅಂದಳು ಲೊವೆನಾ.
ಕಚಡಾವೇ. ಕಾನೂನೂ ಒಪ್ಪದು, ನನ್ನ ಕಾಲೂ ಒಪ್ಪದು.
ಉಳಿಯಿಟ್ಟು ರಿವೆಟ್ಟುಗಳ ತಲೆ ಹಾರಿಸಿದೆ.
ಹತ್ತು ಬಂದವು.
ಹನ್ನೊಂದನೆಯದು ಅರ್ಧ ಗಂಟೆ ಹಠ ಹಿಡಿಯಿತು.

ಹೊಸ ಉಕ್ಕಿನ ಹಾಳೆಯ ಮೇಲೆ ಆ ಕೊಡೆಯವಳನ್ನಿಟ್ಟು
ಅಂಚಿನ ಸುತ್ತ ಸೀಮೆಸುಣ್ಣ ಎಳೆದಳು ಹುಡುಗಿ.
ಅಳತೆಪಟ್ಟಿ ಬೇಕಾಗಲಿಲ್ಲ. ಮೀನಿನವನ ಕಣ್ಣಳತೆ
ಆ ಓರೆ ಮೂಲೆಯ ಸಮೇತ ಸರಿಯಾಗಿತ್ತು;
ಓರೆಯಾಗಿದ್ದದ್ದು ನೆಲ.

ಅವಳ ಮೊದಲ ಬೆಸುಗೆ. ಮುಖಕವಚದೊಳಗಿನ ಉಸಿರು ನನಗೂ ಕೇಳುತ್ತಿತ್ತು.
ಗೆರೆ ನೇರ ಬರಲಿಲ್ಲ,
ಪಾರಿವಾಳವೊಂದು ಹಿಕ್ಕೆ ಹಾಕಿಕೊಂಡು ನಡೆದ ಹಾಗೆ.
ಉಜ್ಜಿ ಸಪಾಟು ಮಾಡಲಾ ಅಂದಳು.
ಹಿಡಿದುಕೊಂಡಿದೆಯಾ ನೋಡು ಅಂದೆ.
ಇವತ್ತು ಹತ್ತಿ ನಿಂತಳು, ಎರಡೂ ಕಾಲೂರಿ ಕುಪ್ಪಳಿಸಿದಳು.
ಅಡಿಯಲ್ಲಿ ಮಲಗಿದ್ದ ನನ್ನ ಮೇಲೆ
ಒಂದಿಷ್ಟು ಧೂಳು ಬಿತ್ತು, ಒಂದು ನಟ್ಟು ಬಿತ್ತು.
ಅದು ಎಲ್ಲಿಯದು ಅಂತ
ಇನ್ನೂ ಹುಡುಕುತ್ತಿದ್ದೇನೆ.