ಮೂರು ಬೀಗದ ಪೆಟ್ಟಿಗೆ

ಸಂಸ್ಥೆಯವರು ಕೊಟ್ಟದ್ದು ಇಷ್ಟೇ:
ಒಂದು ತಗಡಿನ ಪೆಟ್ಟಿಗೆ, ಮೂರು ಬೀಗ,
ಎರಡು ಪ್ಲಾಸ್ಟಿಕ್ ಬೋಗುಣಿ, ಒಂದು ರಬ್ಬರ್ ಮೊಹರು.
ದುಡ್ಡು ಮಾತ್ರ ಕೊಡಲಿಲ್ಲ.
‘ದುಡ್ಡು ನಿಮ್ಮಲ್ಲೇ ಇದೆ’ ಅಂದ ಹುಡುಗನನ್ನು ನೋಡಿ
ಫಾಲೆಸಿ ನಕ್ಕ ನಗು
ಶೀರೆ ನದಿಯ ಆಚೆ ದಡದ ಮೊಸಳೆಗಳಿಗೂ ಕೇಳಿಸಿರಬೇಕು.

ಬೀಗದ ಕೈ ಒಂದು ಫಾಲೆಸಿಗೆ, ಒಂದು ಎಸ್ನಾತಿಗೆ,
ಮೂರನೆಯದು ನನಗೆ.
ಎಸ್ನಾತಿಗೂ ನನಗೂ ಆಗ ಮಾತಿರಲಿಲ್ಲ,
ಒಂದು ಮೇಕೆಯ ವಿಷಯಕ್ಕೆ.
ಅದಕ್ಕೇ ನಮ್ಮಿಬ್ಬರನ್ನು ಆರಿಸಿದರಂತೆ.

ಮಂಗಳವಾರ, ಮಾವಿನ ಮರದಡಿ, ಇಪ್ಪತ್ತಮೂರು ಜನ.
ಚಿತೆಂಜೆಯ ತುದಿಯ ಗಂಟು ಬಿಚ್ಚಿದರೆ
ಬೆವರಿಗೆ ಒದ್ದೆಯಾದ ನೋಟು,
ಒಣಮೀನು ನಾರುವ ನೋಟು,
ಗಂಡನಿಗೆ ಗೊತ್ತಿಲ್ಲದ ನೋಟು.
ಓದು ಬಲ್ಲವರು ನಾಲ್ವರು. ಉಳಿದವರು
ನಾಲ್ವರನ್ನೂ ಪೂರ್ತಿ ನಂಬುವವರಲ್ಲ.
ಹುಡುಗ ಒಂದು ಉಪಾಯ ಹೇಳಿಕೊಟ್ಟ:
ಮುಚ್ಚುವ ಮೊದಲು, ಒಳಗೆ ಎಷ್ಟಿದೆಯೆಂದು
ಎಲ್ಲರೂ ಒಟ್ಟಿಗೆ ಮೂರು ಸಲ ಹೇಳಬೇಕು.
ಮುಂದಿನ ವಾರ ತೆರೆಯುವ ಮೊದಲು ಮತ್ತೆ.
ಮರೆತವರಿಗೆ ಐವತ್ತು ಕ್ವಾಚಾ ದಂಡ.

ಹೀಗೆ ಆ ವಾರದ ಮೊತ್ತ
ನಮ್ಮ ಜೊತೆ ನೀರು ಹೊತ್ತಿತು,
ಮಗುವಿನ ಜ್ವರಕ್ಕೆ ರಾತ್ರಿ ಎದ್ದು ಕೂತಿತು.
ಮೆಕ್ಕೆಜೋಳ ಕುಟ್ಟುವಾಗ
ಒನಕೆ ಎತ್ತಿದರೆ ಲಕ್ಷ, ಇಳಿಸಿದರೆ ಸಾವಿರ.

ಮೂರನೆಯ ವರ್ಷ ಸಂಸ್ಥೆ ಹೊರಟುಹೋಯಿತು.
ಯೋಜನೆ ಮುಗಿಯಿತು ಅಂದರು.
ಬಡತನಕ್ಕೆ ಆ ಸುದ್ದಿ ತಲುಪಿರಲಿಲ್ಲ.
ಅವರ ನೀಲಿ ಫಲಕ ಈಗ ಕೋಳಿಗೂಡಿನ ಬಾಗಿಲು
(ಆಗಿತ್ತು; ಕೋಳಿಗಳಿದ್ದಾಗ).

ಮಾರ್ಚಿಯಲ್ಲಿ ಗಾಳಿ ಬಂತು. ಹಿಂದೆಯೇ ನದಿ,
ಕರೆಯದ ನೆಂಟನ ಹಾಗೆ ನೇರ ಅಡುಗೆಮನೆಗೆ.
ಫಾಲೆಸಿ ಎತ್ತಿಕೊಂಡದ್ದು ಮೊಮ್ಮಗಳನ್ನು,
ಪೆಟ್ಟಿಗೆಯನ್ನಲ್ಲ.
ಯಾರೂ ಏನೂ ಅನ್ನಲಿಲ್ಲ.
ನಾನೂ ಅನ್ನಲಿಲ್ಲ, ಆದರೆ ಒಂದು ಗಳಿಗೆ
ಆ ಕೂಸಿನ ತೂಕವನ್ನೂ ಪೆಟ್ಟಿಗೆಯ ತೂಕವನ್ನೂ
ಮನಸ್ಸಿನಲ್ಲಿ ಎತ್ತಿ ನೋಡಿದ್ದು ನಿಜ.
ದೇವರು ನನಗೆ ದಂಡ ಹಾಕಲಿ.

ಶಾಲೆಯ ಶಿಬಿರಕ್ಕೆ ಬಿಳಿ ಗಾಡಿ ಬಂತು.
ಬೇರೆ ಸಂಸ್ಥೆ, ಬೇರೆ ಬಣ್ಣದ ಟೋಪಿ.
ಉತ್ತರದ ಬೆಟ್ಟಗಳ ಹುಡುಗಿ ವಾನಂಗ್ವಾ,
ನಮ್ಮ ಕೆಸರಿಗೆ ಹೊಸಬಳು,
ಒಂದು ಶೂ ಆಗಲೇ ಕಳಕೊಂಡಿದ್ದಳು.
ನಷ್ಟದ ಪಟ್ಟಿ ಬರೆದಳು: ಗೋಡೆ, ಮೇಕೆ, ಪಾತ್ರೆ.
‘ಸಂಘದ ದುಡ್ಡು ಎಷ್ಟಿತ್ತು? ದಾಖಲೆ?’

ಇಪ್ಪತ್ತೊಂದು ಬಾಯಿ (ಇಬ್ಬರು ಸಿಕ್ಕಿರಲಿಲ್ಲ)
ಒಮ್ಮೆಗೇ ತೆರೆದವು:
ಎರಡು ಲಕ್ಷದ ಹದಿನಾಲ್ಕು ಸಾವಿರದ ಆರುನೂರೈವತ್ತು.
ಮತ್ತೊಮ್ಮೆ. ಮಗದೊಮ್ಮೆ.
ಬೆಂಚಿನ ಮೇಲೆ ಮಲಗಿದ್ದ ಕೂಸು ಬೆಚ್ಚಿ ಎದ್ದು ಅತ್ತಿತು.
ಹುಡುಗಿ ಪೆನ್ನು ಹಿಡಿದು ಹಾಳೆಯುದ್ದಕ್ಕೂ ಹುಡುಕಿದಳು.
ಆ ಸಂಖ್ಯೆಗೆ ಅಲ್ಲಿ ಒಂದು ಮನೆ ಇರಲಿಲ್ಲ,
ನಮ್ಮ ಹಾಗೆಯೇ.
ಕೊನೆಗೆ ಅಂಚಿನಲ್ಲಿ, ಅಡ್ಡಲಾಗಿ, ಬರೆದುಕೊಂಡಳು.

ಹಿಟ್ಟು ಕೊಟ್ಟರು, ಕಂಬಳಿ, ತಲೆಗೊಂದು ಸೋಪು.
ತಗೊಂಡೆವು. ಹಿಟ್ಟು ಒಳ್ಳೆಯದಿತ್ತು,
ಇಲ್ಲವೆಂದರೆ ಸುಳ್ಳಾದೀತು.

ಮಂಗಳವಾರ ಬಂತು. ಮಾವಿನ ಮರವಿಲ್ಲ,
ಧ್ವಜಕಂಬದ ನೆರಳಿತ್ತು, ಒಬ್ಬರು ಕೂರುವಷ್ಟು.
ಎಸ್ನಾತಿ ಬಂದು ಗಂಟು ಬಿಚ್ಚಿದಳು: ಮುನ್ನೂರು.
‘ಏನಿದು?’
‘ಕಂತು.’
‘ಪೆಟ್ಟಿಗೆಯೇ ಇಲ್ಲವಲ್ಲೇ!’
‘ನಾನು ಸಾಲ ತಂದದ್ದು ಪೆಟ್ಟಿಗೆಯ ಹತ್ತಿರವೇ?’
ಸೋಪು ಮಾರಿದ್ದಳು ಪುಣ್ಯಾತ್ಗಿತ್ತಿ,
ಕೈಯ ಕೆಸರು ಇನ್ನೂ ಹಾಗೇ ಇತ್ತು.

ನ್ಸೀಮಾದ ಪಾತ್ರೆಯಲ್ಲಿ ಹಾಕಿ ಮುಚ್ಚಿದೆವು.
ಮುನ್ನೂರು. ಮುನ್ನೂರು. ಮುನ್ನೂರು.
ಗಾಳಿಗೆ ಮುಚ್ಚಳ ಹಾರದಿರಲೆಂದು
ಫಾಲೆಸಿ ಕೊರಳಿನ ಬೀಗದ ಕೈ ಬಿಚ್ಚಿ ಮೇಲಿಟ್ಟಳು.
ಎಸ್ನಾತಿಯೂ ಇಟ್ಟಳು.

ನಾನು ಮಾತ್ರ ಇಡಲಿಲ್ಲ.
ಆ ಮೇಕೆಯ ವಿಷಯ ಇನ್ನೂ ಬಾಕಿಯಿದೆ.