ಹದಿನೇಳನೆಯ ಪ್ರಶ್ನೆ

ಬರ್ಬೀಸ್ ನದಿಯ ನೀರಿಗೆ ಡಿಕಾಕ್ಷನ್ನಿನ ಬಣ್ಣ.
ದಡದ ಮನೆಗಳು ಮರದ ಕಾಲುಗಳ ಮೇಲೆ ನಿಂತಿವೆ
ಉಬ್ಬರಕ್ಕೆ ಲಂಗ ಎತ್ತಿ ಹಿಡಿದಂತೆ.
ಆ ಮೆಟ್ಟಿಲು ಹತ್ತುವವಳು ನಾನು.
ಕಂಕುಳಲ್ಲಿ ಅರವತ್ತು ನಮೂನೆ,
ಕೊರಳಲ್ಲಿ ಗುರುತಿನ ಚೀಟಿ: ಲಿಯೋಥಾ ರಾಮ್‌ಕೆಲಾವನ್,
ಕ್ಷೇತ್ರ ಸಹಾಯಕಿ. ದಿನಗೂಲಿ. ಊಟ ನನ್ನದೇ.

ಮೊದಲ ಹದಿನಾರು ಸಲೀಸು.
ಮನೆಯಲ್ಲಿ ಎಷ್ಟು ಮಂದಿ, ಕುಡಿಯುವ ನೀರು ಎಲ್ಲಿಂದ,
ಕಳೆದ ಸಲ ಮತ ಹಾಕಿದಿರಾ.
ಹದಿನೇಳಕ್ಕೆ ಬಂದೆನೆಂದರೆ
ಮೆಟ್ಟಿಲ ಕೆಳಗಿನ ನಾಯಿಯೂ ತಲೆ ಎತ್ತುತ್ತದೆ:
ಈ ಸಲ ಯಾರಿಗೆ?

ಉತ್ತರ ಬಾಯಿಗೆ ಬರುವ ಮೊದಲು
ಅವರ ಕಣ್ಣು ನನ್ನ ಹಣೆಯಿಂದ ಇಳಿದು
ಮೂಗಿನ ಬಳಿ ಕೊಂಚ ತಡೆದು
ಮತ್ತೆ ಮೇಲೇರಿ ಕೂದಲಲ್ಲಿ ನಿಲ್ಲುತ್ತದೆ.

ಅಪ್ಪನ ಮುತ್ತಜ್ಜ ಕಬ್ಬು ಕಡಿಯಲು ಹೆಬ್ಬೆಟ್ಟೊತ್ತಿ ಹಡಗು ಹತ್ತಿದವನು.
ಅಮ್ಮನ ಕಡೆಯವರನ್ನು ಅದಕ್ಕೂ ಮೊದಲೇ
ಸಂಕೋಲೆಯಲ್ಲಿ ತಂದಿದ್ದರು, ಅದೇ ಕಬ್ಬಿಗೆ.
ನನ್ನಂಥವರಿಗೆ ಇಲ್ಲಿ ಡಗ್ಲಾ ಅನ್ನುತ್ತಾರೆ.
ನಗುತ್ತ ಅಂದರೆ ಒಂದು ಅರ್ಥ.
ನಗದೆ ಅಂದರೆ, ನಮೂನೆ ಮಡಿಚಿ ಇಳಿಯುವುದೇ ಲೇಸು.

ಸೋಮವಾರ ಎಣ್ಣೆ ಹಚ್ಚಿ ಜಡೆ ಹೆಣೆದು ಹೋಗಿದ್ದೆ.
ಕಾಲುವೆಯಾಚೆಯ ಭಾಗ್ಮತಿ ಅಜ್ಜಿ
"ಬಾ ಬೇಟಿ, ಕೂರು, ಇನ್ಯಾರಿಗೆ? ನಮ್ಮವರಿಗೇ" ಅಂದಳು.
ನಮ್ಮ ಅನ್ನುವಾಗ ನನ್ನ ಮೊಣಕೈ ಮುಟ್ಟಿದಳು.
ಗುರುವಾರ, ಒಂದು ಪುಟ ತುಂಬಿಸಿಲ್ಲವೆಂದು, ಮತ್ತೆ ಹೋದೆ.
ಜಿಟಿಜಿಟಿ ಹನಿ. ತಲೆಗೆ ಅಮ್ಮನ ಹಳದಿ ವಸ್ತ್ರ ಸುತ್ತಿದ್ದೆ.
ಕನ್ನಡಕ ಎಲ್ಲೋ ಇಟ್ಟು ಮರೆತಿದ್ದ ಅದೇ ಅಜ್ಜಿ
ಬಾಗಿಲ ಅರ್ಧ ರೆಕ್ಕೆಯ ಹಿಂದಿನಿಂದ:
"ಇನ್ನೂ ಯೋಚಿಸಿಲ್ಲಮ್ಮ. ಎಲ್ಲರೂ ಒಳ್ಳೆಯವರೇ."

ಒಂದೇ ಬಾಯಿ. ಎರಡು ಉತ್ತರ.
ನಡುವೆ ಒಂದೂವರೆ ಗಜ ಬಟ್ಟೆ.

ಜಾರ್ಜ್‌ಟೌನಿನ ಸಭೆಯಲ್ಲಿ ಡಾಕ್ಟರ್ ಪಿಲ್ಗ್ರಿಮ್
ಗೋಡೆಯ ಮೇಲೆ ಬೆಳಕಿನ ಗೆರೆ ಎಳೆದರು.
ಮತದಾರ ರಕ್ತ ಎಣಿಸುತ್ತಾನೆ, ಇದು ಒಂದು ಪಂಥ.
ಇಲ್ಲ, ಅವನು ರಸ್ತೆ ಎಣಿಸುತ್ತಾನೆ, ಸೇತುವೆ ಎಣಿಸುತ್ತಾನೆ;
ಓದಲು ಬೇರೇನೂ ಸಿಗದಾಗ ಮಾತ್ರ
ಅಭ್ಯರ್ಥಿಯ ಹೆಸರಿನ ಕೊನೆಯ ಅಕ್ಷರ ಓದುತ್ತಾನೆ, ಇದು ಇನ್ನೊಂದು.
ಮುಖ ನೋಡಿ ಮಣೆ ಹಾಕುತ್ತಾರೆ ಅನ್ನುವುದಕ್ಕೆ
ಅವರ ಬಳಿ ನಲವತ್ತು ಪುಟವಿತ್ತು.
ಮೂವತ್ತೆಂಟನೆಯದರ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ:
"ಪ್ರಶ್ನೆ ಕೇಳಿದವರ ಪ್ರಭಾವ: ನಗಣ್ಯ."
ನಗಣ್ಯಳು ಕೊನೆಯ ಸಾಲಿನಲ್ಲಿ ಕೂತು
ಅನಾನಸ್ ಟಾರ್ಟ್ ತಿನ್ನುತ್ತಿದ್ದಳು.

ದೋಣಿಕಟ್ಟೆಯ ಮೆಕ್ಯಾನಿಕ್ ಕಾಂಪ್ಟನ್‌ನನ್ನು
ಯಾವ ಗೆರೆಯ ಮೇಲೆ ಕೂರಿಸಿದರೋ ಗೊತ್ತಿಲ್ಲ.
"ನಮ್ಮ ಪಕ್ಷ ಈ ಚರಂಡಿಯ ಹೂಳು ತೆಗೆದು ಹನ್ನೊಂದು ವರ್ಷ" ಅಂದ,
ಸ್ಪ್ಯಾನರ್ ಒರೆಸುತ್ತ.
"ಅಣ್ಣ ಕುಡುಕ ಅಂತ ಪಕ್ಕದ ಮನೆಯವನನ್ನ
ಅಣ್ಣ ಅನ್ನೋಕಾಗುತ್ತಾ?"
ಬರೆದುಕೊಂಡೆ. ಎರಡು ಮೆಟ್ಟಿಲು ಇಳಿದಿದ್ದೆ, ಕರೆದ.
"ಅದನ್ನ ಹೊಡೆದು ಹಾಕು."
ಬದಲಿಗೆ ಏನು ಬರೆಯಲಿ ಅಂದೆ.
"ಹೊಡೆದದ್ದು ಕಾಣುವ ಹಾಗೆ ಹೊಡೆ. ಅಷ್ಟು ಸಾಕು."

ಅದಕ್ಕೆ ಸಂಕೇತಾಂಕ ಇರಲಿಲ್ಲ.

ಮತದಾನದ ದಿನ ಶಾಲೆಯ ಮೂಲೆಯಲ್ಲಿ
ರಟ್ಟಿನ ಮರೆ. ಅದರ ಹಿಂದೆ
ನನ್ನ ಮುಖ ನೋಡುವವರು ಯಾರೂ ಇಲ್ಲ.
ಪೆನ್ಸಿಲ್ ಹಿಡಿದು ನಿಂತೆ. ಎಷ್ಟು ಹೊತ್ತೋ.
ಇನ್ನೊಂದು ಕೈ ತಾನಾಗಿ ತಲೆಗೆ ಹೋಯಿತು,
ಇವತ್ತು ಏನು ಸುತ್ತಿದ್ದೇನೆಂದು ತಿಳಿಯಲು.

ಹೊರಗೆ ಬಂದರೆ ಮಾವಿನ ಮರದಡಿ
ಶಾಯಿ ಬೆರಳಿಗೆ ಉಫ್ ಉಫ್ ಊದುತ್ತ ಭಾಗ್ಮತಿ ಅಜ್ಜಿ.
"ನೀನು ಎಲ್ಲರನ್ನೂ ಕೇಳಿದೆ" ಅಂದಳು,
"ಈಗ ಹೇಳು. ನೀನು ಯಾರಿಗೆ?"

ಬಾಯಿ ತೆರೆದೆ.
ತೆರೆಯುವ ಮೊದಲು
ಅವಳ ಹಣೆ ನೋಡಿದ್ದೆ.